ಬಳ್ಳಿಗಳಿಗೆ ನಿದ್ದೆ

ಮುಕುಂದ್ ಚೀನಾಕ್ಕೆ ಹೋಗಿ ಬಂದ ಮೇಲೆ ದ್ರಾಕ್ಷಿ ಬಳ್ಳಿಗೂ ನಿದ್ದೆ ಬೇಕು ಎಂಬ ಮಾತು ತೋಟದಲ್ಲಿ ಶುರುವಾಯಿತು.

ರಾಯಲ್ಪಾಡು ರಸ್ತೆಯ ವೈನರಿ ಅವನದು. ಚೀನಾದಲ್ಲಿ ಅವನು ಕಂಡಿದ್ದು ಫ್ರಾನ್ಸಿನ ಕೋಟೆಯಂತೆ ಕಟ್ಟಿದ್ದ ವೈನರಿ: ಕಲ್ಲಿನ ಗೋಪುರ, ನೆಲಮಾಳಿಗೆ, ಓಕ್ ಮರದ ಪೀಪಾಯಿಗಳು. ಚಳಿಗಾಲ ಬರುವ ಮುಂಚೆ ಅಲ್ಲಿ ಬಳ್ಳಿಗಳನ್ನು ಬಗ್ಗಿಸಿ ಮಣ್ಣಲ್ಲಿ ಹೂಳುತ್ತಾರೆ. ಚಳಿ ಕಳೆದ ಮೇಲೆ ಅಗೆದು ಎಬ್ಬಿಸುತ್ತಾರೆ.

"ಅವರು ಫ್ರಾನ್ಸನ್ನ ಕಾಪಿ ಹೊಡೆದ್ರು, ನಾವು ಅವರನ್ನ ಕಾಪಿ ಹೊಡೆಯೋಣ," ಎಂದ ಮುಕುಂದ್. "ಬೆಂಗಳೂರಿನವರು ದುಡ್ಡು ಕೊಟ್ಟು ಬಂದು ಹೂಳ್ತಾರೆ, ನೋಡ್ತಿರು."

ತೋಟದ ಮ್ಯಾನೇಜರ್ ವಂಶಿಕೃಷ್ಣ ಮುಳಬಾಗಿಲಿನವನು, ತೋಟಗಾರಿಕೆ ಓದಿದವನು. ಅಲ್ಲಿ ಹಿಮಕ್ಕೆ ಹೆದರಿ ಹೂಳುತ್ತಾರೆ. ಇಲ್ಲಿ ಹಿಂಗಾರಿನಲ್ಲಿ ಹೂತರೆ ಬಳ್ಳಿ ಕೊಳೆಯುತ್ತದೆ. ಅದು ಅವನಿಗೆ ಗೊತ್ತಿತ್ತು. ಹಿಂದಿನ ಮ್ಯಾನೇಜರ್ ಒಮ್ಮೆ 'ಆಗಲ್ಲ' ಅಂದು ಕೆಲಸ ಕಳೆದುಕೊಂಡದ್ದೂ ಗೊತ್ತಿತ್ತು.

"ಮೊದಲು ಒಂದು ಸಾಲು ನೋಡೋಣ ಸಾರ್," ಎಂದಷ್ಟೇ ಹೇಳಿದ.

ಗೆದ್ದಲು ತಿಂದು ಒಣಗಿದ್ದ ಸಾಲನ್ನೇ ಆರಿಸಿದ. ನಿದ್ದೆಗೆ ಹೋಗುವ ಬಳ್ಳಿ ಹೀಗೇ ಇರುತ್ತದೆ ಎಂದ. ಬೆಂಗಳೂರಿನಿಂದ ಬಂದ ಅತಿಥಿಗಳು ನಂಬಿದರು, ನಗುತ್ತ ಮಣ್ಣು ಹಾಕಿದರು. ಎರಡು ವಾರ ಬಿಟ್ಟು ಅಗೆಯುವ ದಿನ, ಯಾರೂ ಬರುವ ಮುಂಚೆ ಅವನೂ ಕೂಲಿಯ ಮುನಿಗಂಗಮ್ಮನೂ ಸತ್ತ ಬಳ್ಳಿಗಳನ್ನು ಕಿತ್ತು, ನರ್ಸರಿಯ ಚಿಗುರಿದ ಸಸಿಗಳನ್ನು ಅದೇ ಮಣ್ಣಲ್ಲಿ ಹುದುಗಿಸಿದರು.

"ಸತ್ತೋರ್ನ ಎಬ್ಬಿಸೋದು ಯಾವ ಕಾಲೇಜಲ್ಲಿ ಕಲಿಸ್ತಾರೆ ಸಾಮೀ? ನಮ್ಮ ಮನೆ ಯಜಮಾನ ಹೋದಾಗ ನೀವು ಸಿಗಬೇಕಿತ್ತು."

"ಸುಮ್ನೆ ಮುಚ್ಚಮ್ಮಾ."

ಮಣ್ಣಿಂದ ಹಸಿರು ಕಂಡಾಗ ಚಪ್ಪಾಳೆ ಬಿತ್ತು. ಮುಕುಂದ್ ವಂಶಿಯ ಹೆಗಲು ತಟ್ಟಿದ. "ದಸರಾ ಆದ್ಮೇಲೆ ಇಡೀ ತೋಟ. ಟಿಕೆಟ್ ಆಗ್ಲೇ ಹೋಗ್ತಿದೆ."

ಉಳಿದ ತೋಟವೆಲ್ಲ ವಂಶಿಯೇ ಕಸಿ ಕಟ್ಟಿ ಬೆಳೆಸಿದ್ದು. ಸಂಜೆ ಆಫೀಸಿಗೆ ಹೋಗಿ, ಹೂತದ್ದು ಸತ್ತ ಸಾಲು, ಅಗೆದದ್ದು ನರ್ಸರಿ ಸಸಿ ಎಂದು ಒಪ್ಪಿಕೊಂಡ.

ಮುಕುಂದ್ ಮೊಬೈಲಿನಿಂದ ತಲೆ ಎತ್ತಲಿಲ್ಲ. "ಗೊತ್ತು. ಒಂದರ ಬೇರಿಗೆ ನರ್ಸರಿ ಕವರ್ ಅಂಟಿಕೊಂಡಿತ್ತು."

"ಇಡೀ ತೋಟ ಹೂತರೆ ಒಂದೂ ಉಳಿಯಲ್ಲ ಸಾರ್."

"ಹೋಗ್ಲಿ ಬಿಡೋ. ವೈನ್ ಹೆಂಗೂ ಹೊರಗಿಂದ ಟ್ಯಾಂಕರಲ್ಲಿ ಬರುತ್ತೆ. ಜನ ಬರೋದು ಹೂಳೋಕೆ, ಅಗೆಯೋಕೆ. ಸಸಿಗೆ ಆರ್ಡರ್ ಹಾಕು. ಈ ಸಲ ಕವರ್ ಸರಿಯಾಗಿ ಬಿಚ್ಚು."

ದಸರಾ ಕಳೆದ ಭಾನುವಾರ ಟೋಪಿ ಹಾಕಿಕೊಂಡವರು ಎರಡು ಬಸ್ಸಿನಲ್ಲಿ ಬಂದಿಳಿದರು. ಪೂರ್ವಕ್ಕೆ ಮೋಡ ಕಟ್ಟಿತ್ತು. ಮುನಿಗಂಗಮ್ಮ ಸನಿಕೆ ಹಿಡಿದು ನಿಂತಿದ್ದಳು. ಈ ಸಲ ತಮಾಷೆ ಮಾಡಲಿಲ್ಲ.

"ಯಾವ ಸಾಲಿಂದ ಸಾಮೀ?"

ಹೇಳುವುದಕ್ಕೆ ವಂಶಿಯಲ್ಲಿ ಒಂದೇ ಮಾತಿತ್ತು, ಹಿಂದಿನ ಮ್ಯಾನೇಜರ್ ಹೇಳಿದ್ದ ಮಾತು. ಅದನ್ನು ಬಿಟ್ಟು ಮೊದಲ ಸಾಲಿಗೆ ಹೋಗಿ ತಂತಿಯ ಕಟ್ಟು ಬಿಚ್ಚಿದ. ಬಳ್ಳಿಯ ಬುಡಕ್ಕೆ ಎಡಗೈ ಕೊಟ್ಟು ಬಲಗೈಯಿಂದ ನಿಧಾನವಾಗಿ ನೆಲಕ್ಕೆ ಬಗ್ಗಿಸಿದ.

"ಹೀಗೆ," ಎಂದು ಅತಿಥಿಗಳಿಗೆ ತೋರಿಸಿಕೊಟ್ಟ. "ಎಳೀಬೇಡಿ. ಕಸಿಯ ಹತ್ತಿರ ಮುರಿಯುತ್ತೆ."