ಮಡಕೆಯ ಚೂರಿನ ಮೇಲಿನ ಹೆಸರು

ಗ್ರೀಕರ ಪಾಠಕ್ಕೆ ಆರು ವಾರ ಸಾಕು ಎಂದು ಕನ್ನಡಕದವಳು, ಎಂಟಾದರೂ ಬೇಕು ಎಂದು ಅವಳ ಅತ್ತಿಗೆ. ಅಣ್ಣನ ಮನೆಯ ಊಟದ ಮೇಜಿನ ಮೇಲೆ ಒಂದು ಭಾನುವಾರ ಪೂರ್ತಿ ಈ ಚೌಕಾಸಿ ನಡೆಯಿತು. ಕನ್ನಡಕದವಳು ಎಂದರೆ ಪೇಟೆಯ ಕನ್ನಡಕದ ಅಂಗಡಿಯಲ್ಲಿ ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವ ಕೆಲಸದವಳು. ಗಂಡ ಲಾರಿ ಹತ್ತಿದನೆಂದರೆ ವಾರಗಟ್ಟಲೆ ಮನೆ ಕಡೆ ಮುಖ ಹಾಕುವಂತಿರಲಿಲ್ಲ. ಇಬ್ಬರು ಹೆಣ್ಣುಮಕ್ಕಳ ಭಾರವೆಲ್ಲ ಇವಳದೇ. ಅತ್ತಿಗೆ ಹಿಂದೆ ಶಾಲೆಯಲ್ಲಿ ಟೀಚರಾಗಿದ್ದವಳು, ಆ ಕೆಲಸ ಬಿಟ್ಟು ತನ್ನ ಇಬ್ಬರು ಗಂಡುಮಕ್ಕಳಿಗೆ ಮನೆಯಲ್ಲೇ ಪಾಠ ಹೇಳುತ್ತಿದ್ದಳು. ಪಕ್ಕದ ಮನೆಯ ದರ್ಜಿಯ ಅವಳಿ ಮಕ್ಕಳೂ ಅಲ್ಲಿಗೇ ಬರುತ್ತಿದ್ದರು. ಹೋದ ವರ್ಷದಿಂದ ಕನ್ನಡಕದವಳ ಇಬ್ಬರೂ ಸೇರಿ ಒಟ್ಟು ಆರು ಮಕ್ಕಳಾಗಿದ್ದರು.

ಸೇರಿದ್ದು ಕಿರಿಯವಳಿಗಾಗಿ. ಅವಳನ್ನು ಎಲ್ಲರೂ ಗುಬ್ಬಿ ಎನ್ನುತ್ತಿದ್ದರು. ಗುಬ್ಬಿಗೆ ಮಾತು ತೊದಲುತ್ತಿತ್ತು. ಶಾಲೆಯಲ್ಲಿ ಹುಡುಗರು ಅಣಕಿಸುತ್ತಿದ್ದುದು ಒಂದು ಕಡೆಯಾದರೆ, ಟೀಚರೊಬ್ಬಳು ಪಾಠ ಓದಿ ಮುಗಿಸುವ ತನಕ ಕೂರಬೇಡ ಎಂದು ಅವಳನ್ನು ನಿಲ್ಲಿಸಿಯೇ ಬಿಟ್ಟಿದ್ದಳು. ಆಮೇಲೆ ಗುಬ್ಬಿ ಬಹಳ ದಿನ ಬಾಯಿಗೆ ಬೀಗ ಹಾಕಿಕೊಂಡಳು. ಕನ್ನಡಕದವಳು ಹಲ್ಲು ಕಚ್ಚಿಕೊಂಡು ಹೋಗಿ ಇಬ್ಬರ ಹೆಸರನ್ನೂ ಶಾಲೆಯಿಂದ ತೆಗೆಸಿ ಬಂದಿದ್ದಳು. ಒಬ್ಬಳನ್ನು ಮನೆಯಲ್ಲಿಟ್ಟು ಇನ್ನೊಬ್ಬಳನ್ನು ಅದೇ ಶಾಲೆಗೆ ಕಳಿಸುವುದು ಅವಳಿಂದ ಆಗದ ಮಾತಾಗಿತ್ತು.

ಅವಳು ಇತಿಹಾಸ ಓದಿದವಳೇನೂ ಅಲ್ಲ. ಗ್ರಂಥಾಲಯದಿಂದ ತಂದ ಪುಸ್ತಕಗಳನ್ನು ಒಲೆಯ ಪಕ್ಕ ನಿಲ್ಲಿಸಿಕೊಂಡು, ಒಂದು ಕೈಯಲ್ಲಿ ಸೌಟು, ಇನ್ನೊಂದರಲ್ಲಿ ಪುಟ ಎಂಬಂತೆ ಓದಿಕೊಂಡಿದ್ದಳು. ಓದುತ್ತ ಓದುತ್ತ ಆಸೆ ಹತ್ತಿತು. ದರ್ಜಿಯ ಹತ್ತಿರ ನೀಲಿ ಬಟ್ಟೆಯ ತುಂಡು ಮತ್ತು ಮುರುಕು ಗುಂಡಿಗಳನ್ನು ಬೇಡಿ ತಂದು, ಬಟ್ಟೆಯೇ ಸಮುದ್ರ, ಗುಂಡಿಗಳೇ ದ್ವೀಪ ಎಂದು ಮಕ್ಕಳ ಕೈಯಲ್ಲೇ ಹರಡಿಸಬೇಕು. ಅವರವರ ಹೆಸರನ್ನು ಗ್ರೀಕ್ ಅಕ್ಷರದಲ್ಲಿ ಬರೆಸಬೇಕು. ಹಸಿ ಮಣ್ಣಿನ ಹೂಜಿಗೆ ಕಪ್ಪು ಬಣ್ಣದ ಕುದುರೆ, ಓಟಗಾರ. ನಾಲ್ಕನೇ ವಾರ ಗ್ರೀಕರ ಹಾಗೆ ಊರಸಭೆ, ಕೈ ಎತ್ತಿ ಮತ ಹಾಕುವುದು. ಕೊನೆಗೆ ರಟ್ಟಿನ ಮುಖವಾಡ ಹಾಕಿಕೊಂಡು ನಾಟಕ. ಮುಖವಾಡದ ಹಿಂದೆ ಗುಬ್ಬಿಯ ಮಾತು ಸಲೀಸಾಗಬಹುದು ಎಂದು ಅವಳಿಗೆ ಒಳಗೊಳಗೇ ಒಂದು ಲೆಕ್ಕವಿತ್ತು. ಅದನ್ನು ಯಾರಿಗೂ ಹೇಳಿರಲಿಲ್ಲ.

ಅತ್ತಿಗೆ ಎಲ್ಲವನ್ನೂ ಕೇಳಿ ತನ್ನ ಕಡೆಯಿಂದ ಎರಡು ಸೇರಿಸಿದಳು. "ಅವರಲ್ಲಿ ಒಬ್ಬ ದೊಡ್ಡ ಭಾಷಣಕಾರ ಇದ್ನಂತೆ, ಮೊದಲು ತೊದಲ್ತಿದ್ದ. ಬಾಯಲ್ಲಿ ಕಲ್ಲಿಟ್ಕೊಂಡು ಮಾತಾಡಿ ಮಾತಾಡಿ ಸರಿ ಮಾಡ್ಕೊಂಡ. ಆ ಕಥೆ ಹೇಳೋಣ. ನಮ್ಮ ಗುಬ್ಬಿಗೂ ಹುರುಪು ಬರುತ್ತೆ."

"ಬೇಡ ಅತ್ತಿಗೆ. ಆ ಕಥೆ ಹೇಳಿದ್ರೆ ಆರು ಜನದಲ್ಲಿ ಐದು ಜನ ಗುಬ್ಬಿ ಮುಖ ನೋಡ್ತಾರೆ."

"ಆಯ್ತು. ಇನ್ನೊಂದು, ಗಡೀಪಾರಿನ ಮತ. ಯಾರಿಂದ ಊರಿಗೆ ತೊಂದರೆ ಅನ್ನಿಸುತ್ತೋ ಅವರ ಹೆಸರನ್ನ ಮಡಕೆ ಚೂರಿನ ಮೇಲೆ ಗೀಚಿ ಹಾಕೋದು. ಹೆಚ್ಚು ಚೂರು ಬಿದ್ದವನು ಹತ್ತು ವರ್ಷ ಊರು ಬಿಡಬೇಕು. ಮಕ್ಕಳಿಗೆ ಇದಕ್ಕಿಂತ ಮಜಾ ಯಾವುದಿದೆ ಹೇಳು."

"ಹೇಳಿಕೊಡಿ. ಆದ್ರೆ ಆಡಿಸೋದು ಬೇಡ. ಆಡಿಸಲೇಬೇಕು ಅಂದ್ರೆ ಪ್ರಾಣಿಗಳ ಹೆಸರು ಬರೀಲಿ, ಮಕ್ಕಳ ಹೆಸರಲ್ಲ."

"ನೀನೊಬ್ಬಳು, ಎಲ್ಲದಕ್ಕೂ ಹೆದರ್ತೀಯ," ಎಂದು ಅತ್ತಿಗೆ ನಕ್ಕಳು. "ಆಯ್ತಮ್ಮ, ಬಿಟ್ಟೆ."

ಬಿಟ್ಟೆ ಎಂದ ಮಾತನ್ನು ಕನ್ನಡಕದವಳು ನಂಬಿದಳು.

ಮೂರು ವಾರ ಎಲ್ಲ ಸುಸೂತ್ರ. ಮನೆಯೆಲ್ಲ ಮಣ್ಣು, ಗೋಡೆಗೆಲ್ಲ ಬಣ್ಣ, ಅಣ್ಣನ ಗೊಣಗಾಟ. ನಾಲ್ಕನೇ ವಾರದ ಗುರುವಾರ ಅವಳಿಗೆ ಅಂಗಡಿಯಲ್ಲಿ ಕೆಲಸವಿತ್ತು. ಸಂಜೆ ಮಕ್ಕಳನ್ನು ಕರೆದೊಯ್ಯಲು ಅಣ್ಣನ ಮನೆಗೆ ಬಂದಾಗ ಮೊದಲು ಕಂಡದ್ದು ಗುಬ್ಬಿ. ಗೇಟಿನ ಹತ್ತಿರ, ಚಪ್ಪಲಿಗಳ ಪಕ್ಕದಲ್ಲಿ, ಮೊಣಕಾಲು ಅಪ್ಪಿಕೊಂಡು ಒಬ್ಬಳೇ ಕೂತಿದ್ದಳು. ಅವಳ ಮುಂದೆ ನೆಲದ ಮೇಲೆ ಸೀಮೆಸುಣ್ಣದಲ್ಲಿ ಎಳೆದ ದಪ್ಪ ಗೆರೆ. ಗೆರೆಯ ಆಚೆ ಜಗುಲಿಯ ಮೇಲೆ ಉಳಿದ ಐವರು ಮಕ್ಕಳು ಅತ್ತಿಗೆಯ ಸುತ್ತ ಕೂತು ನಗುತ್ತಿದ್ದರು.

"ಇಲ್ಯಾಕೆ ಕೂತಿದೀಯ ಪುಟ್ಟಾ?"

ಉತ್ತರ ಕೊಟ್ಟದ್ದು ಅತ್ತಿಗೆಯ ಕಿರಿಮಗ. "ಅತ್ತೆ, ಅವಳಿಗೆ ಗಡೀಪಾರು."

ಜಗುಲಿಯ ಮೇಜಿನ ಮೇಲೆ ಒಡೆದ ಹೂಕುಂಡದ ಚೂರುಗಳಿದ್ದವು. ಐದರ ಮೇಲೆ ಗುಬ್ಬಿ, ಗುಬ್ಬಿ ಎಂದು ಬರೆದಿತ್ತು. ಒಂದು ಖಾಲಿ. ಕನ್ನಡಕದವಳ ಮೈಯೆಲ್ಲ ಉರಿದುಹೋಯಿತು.

"ಅತ್ತಿಗೆ, ಇದು ಬೇಡ ಅಂದಿದ್ದೆ ನಾನು."

"ಅಯ್ಯೋ, ಆಟ ಕಣೆ. ಅವರಿಗೆ ಹತ್ತು ವರ್ಷ, ನಮಗೆ ಅರ್ಧ ಗಂಟೆ. ಪ್ರಾಣಿ ಹೆಸರು ಅಂದ್ರೆ ಮಕ್ಕಳು ಒಪ್ಪಲೇ ಇಲ್ಲ. ಇನ್ನೇನು ಕರೀತಿದ್ದೆ ಒಳಗೆ."

"ಅವಳನ್ನೇ ಯಾಕೆ ಬರೆದ್ರಿ?" ಅವಳು ಮಕ್ಕಳತ್ತ ತಿರುಗಿದಳು.

ಅವಳಿಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅತ್ತಿಗೆಯ ದೊಡ್ಡ ಮಗ, ಅವನಿಗೆ ಸುಳ್ಳು ಬರುತ್ತಿರಲಿಲ್ಲ, ಹೇಳಿದ: "ಸಭೇಲಿ ಅವಳು ಎದ್ರೆ ತುಂಬ ಹೊತ್ತಾಗುತ್ತೆ ಅತ್ತೆ. ನಮ್ಮ ಸರದಿ ಬರೋದೇ ಇಲ್ಲ."

ಗದ್ದಲ ಕೇಳಿ ಅಣ್ಣ ಒಳಗಿನಿಂದ ಟವೆಲ್ಲಿಗೆ ಕೈ ಒರೆಸಿಕೊಳ್ಳುತ್ತ ಬಂದ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎನ್ನುವ ಜಾತಿ ಅವನದು. "ಆಟ ತಾನೆ. ಬಿಡು ಇನ್ನು. ಕಾಫಿ ಕುಡೀತೀಯಾ?"

ಉರಿಯುವ ಬೆಂಕಿಗೆ ತುಪ್ಪ ಸುರಿದಂತಾಯಿತು. "ನಿನ್ನ ಕಾಫಿಗೆ ಬೆಂಕಿ ಬೀಳ ಅಣ್ಣ. ಶಾಲೇಲಿ ಆದದ್ದು ನಿನಗೆ ಗೊತ್ತಿರ್ಲಿಲ್ವಾ? ಅತ್ತಿಗೆ, ನಿಮಗೆ ಗೊತ್ತಿರ್ಲಿಲ್ವಾ? ಅಲ್ಲಿ ನಿಲ್ಲಿಸಿದ್ರು, ಇಲ್ಲಿ ಕೂರಿಸಿದ್ರಿ. ಅಷ್ಟೇ ವ್ಯತ್ಯಾಸ. ಇಷ್ಟು ವರ್ಷ ಪಾಠ ಹೇಳಿದ ನಿಮಗೆ, ಚೂರು ಎಣಿಸುವಾಗಲಾದ್ರೂ ಕೈ ನಡುಗ್ಲಿಲ್ವಾ?" ಸಿಟ್ಟಿನಲ್ಲೂ ಅವಳು ಅತ್ತಿಗೆಗೆ ಬಹುವಚನ ಬಿಡಲಿಲ್ಲ; ಅದೇ ಏಕವಚನಕ್ಕಿಂತ ಹರಿತವಾಗಿತ್ತು.

ಅತ್ತಿಗೆಯ ಮುಖ ಕೆಂಪಾಯಿತು. "ನನ್ನ ಮಕ್ಕಳನ್ನ, ದರ್ಜಿ ಮಕ್ಕಳನ್ನ ಬೈದ್ರೆ ಆಯ್ತಾ? ಅವರು ನಾಲ್ಕು ಜನ. ಐದನೇ ಚೂರು ಯಾರದ್ದು ಅಂತಲೂ ಕೇಳು."

ಕೇಳುವ ಅಗತ್ಯ ಬೀಳಲಿಲ್ಲ. ಅಷ್ಟರಲ್ಲಿ ಎದ್ದು ಕಂಬಕ್ಕೆ ಒರಗಿ ನಿಂತಿದ್ದ ದೊಡ್ಡ ಮಗಳು ಸ್ವಲ್ಪವೂ ಅಳುಕದೆ ಹೇಳಿದಳು: "ನಂದು."

ಮೂವರೂ ಮನೆ ಕಡೆ ಹೊರಟರು. ಕನ್ನಡಕದವಳು ಬಿರುಸಾಗಿ ಮುಂದೆ, ಅವಳ ಕೈಯಲ್ಲಿ ಗುಬ್ಬಿಯ ಕೈ, ಹಿಂದೆ ಹತ್ತು ಮಾರು ದೂರದಲ್ಲಿ ದೊಡ್ಡವಳು. ಬಾಗಿಲು ಹಾಕಿದ್ದೇ ತಡ ತಾಯಿ ತಿರುಗಿ ನಿಂತಳು.

"ಹೊರಗಿನವರು ಬರೆದ್ರೆ ಹಾಳಾಗಿ ಹೋಗ್ಲಿ. ಒಡಹುಟ್ಟಿದವಳು ನೀನು. ನಿನಗೆ ಕೈ ಹ್ಯಾಗೆ ಬಂತೇ?"

"ಬಂತು," ಎಂದಳು ದೊಡ್ಡವಳು. "ಯಾರಿಂದ ತೊಂದರೆ ಆಯ್ತೋ ಅವರ ಹೆಸರು ಬರೀರಿ ಅಂದ್ರು ಅತ್ತೆ. ಬರೆದೆ."

"ಏನು ತೊಂದರೆ ಮಾಡಿದ್ಲು ಅವಳು ನಿನಗೆ?"

"ನನ್ನ ಶಾಲೆ ಯಾಕಮ್ಮ ಬಿಡಿಸ್ದೆ? ನನ್ನನ್ನ ಯಾರಾದ್ರೂ ಅಣಕಿಸ್ತಿದ್ರಾ? ನಾನು ಓಟದ ತಂಡದಲ್ಲಿದ್ದೆ. ನನ್ನ ಗೆಳತೀರೆಲ್ಲ ಅಲ್ಲೇ ಇದ್ರು. ಒಂದು ದಿನ ಬಂದು, ನಾಳೆಯಿಂದ ಇಬ್ಬರೂ ಹೋಗ್ಬೇಡಿ ಅಂದೆ. ಒಂದು ಮಾತು ಕೇಳಿದ್ಯಾ ನನ್ನ? ಇಡೀ ವರ್ಷ ಆ ಹುಡುಗರ ಜೊತೆ ಮಣ್ಣು ಕಲಸ್ತಾ ಕೂತಿದೀನಿ. ಗುಬ್ಬಿಗೆ ಆಗಲ್ಲ, ಗುಬ್ಬಿಗೆ ಬೇಜಾರಾಗುತ್ತೆ, ಗುಬ್ಬಿಗೆ, ಗುಬ್ಬಿಗೆ. ಗಡೀಪಾರಾಗಿದ್ದು ನಾನು."

ಕನ್ನಡಕದವಳ ಕೈ ಮೇಲೆದ್ದಿತು. ಬೀಳಲೂ ಬಿತ್ತು. ದೊಡ್ಡವಳ ಕೆನ್ನೆ ಚುರ್ ಎಂದಿತು. ಅವಳು ಅಳಲಿಲ್ಲ, ಕೆನ್ನೆ ಮುಟ್ಟಿಕೊಳ್ಳಲೂ ಇಲ್ಲ. ಅದನ್ನು ನೋಡಿ ತಾಯಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಸಿಟ್ಟು ಇಳಿದಿರಲಿಲ್ಲ. ಯಾರ ಕಡೆ ಹೋಗಬೇಕೆಂದು ತಿಳಿಯದೆ ಒಳಗೇ ಸುತ್ತುತ್ತಿತ್ತು. ಅವಳು ಗುಬ್ಬಿಯನ್ನು ಹತ್ತಿರ ಎಳೆದುಕೊಂಡು, "ನೋಡು ಇವಳನ್ನ. ಎಲ್ಲರೂ ಇವಳ ಹೆಸರು ಬರೆದ್ರೆ, ಈ ಮಗು ಒಬ್ಬರ ಹೆಸರೂ ಬರೀಲಿಲ್ಲ. ಅದೂ ಅರ್ಥ ಆಗಲ್ವಾ ನಿನಗೆ?" ಎಂದಳು.

ಗುಬ್ಬಿ ತಾಯಿಯ ಕೈ ಕೊಡವಿಕೊಂಡಳು. "ಹಾ... ಹಾಗಲ್ಲ. ನಂಗೆ ಎ... ಎಲ್ಲರ ಮೇಲೂ ಸಿಟ್ಟಿತ್ತು. ಚೂ... ಚೂರು ಚಿಕ್ಕದು. ಯಾ... ಯಾರದ್ದು ಅಂತ ಬರೀಲಿ?"

"ಎಲ್ಲರ ಮೇಲೂ ಅಂದ್ರೆ?" ಎಂದು ತಾಯಿ ಕೇಳಿದಳು.

"ನಿ... ನಿನ್ನ ಮೇಲೂ. ಅಕ್ಕನ್ನ ಶಾಲೆ ಬಿಡ್ಸು ಅಂತ ನಾ... ನಾನು ಹೇಳಿದ್ನಾ? ಅದ್ಕೇ ಅವಳು ನನ್ ಜೊ... ಜೊತೆ ಸರಿಯಾಗಿ ಮಾತೇ ಆಡಲ್ಲ."

ಕನ್ನಡಕದವಳು ಸ್ಟೂಲಿನ ಮೇಲೆ ಕುಕ್ಕರಿಸಿದಳು. ಮಕ್ಕಳಿಗಾಗಿ ಮೈ ಮುರಿದು ದುಡಿದೆ ಎಂದುಕೊಂಡಿದ್ದಳು. ಮಕ್ಕಳನ್ನು ಮಾತ್ರ ಕೇಳಿರಲಿಲ್ಲ. ಆ ರಾತ್ರಿ ಅನ್ನ ಇಳಿಸಿ ಇಬ್ಬರಿಗೂ ಬಡಿಸಿದ ಮೇಲೆ ದೊಡ್ಡವಳಿಗೆ ಎರಡು ಮಾತು ಹೇಳಿದಳು. "ಹೊಡೆದದ್ದು ತಪ್ಪಾಯ್ತು. ನಾಳೆ ನನ್ನ ಜೊತೆ ಬಾ, ಶಾಲೆಗೆ ಹೋಗಿ ಕೇಳೋಣ."

"ನಿಜವಾಗ್ಲೂ?"

"ಅದರರ್ಥ ನೀನು ಮಾಡಿದ್ದು ಸರಿ ಅಂತ ಅಲ್ಲ. ನಿನ್ನ ಸಿಟ್ಟು ನನ್ನ ಮೇಲಿತ್ತು. ಬರೆಯೋದಾಗಿದ್ರೆ ನನ್ನ ಹೆಸರು ಬರೀಬೇಕಿತ್ತು."

ದೊಡ್ಡವಳು ತಟ್ಟೆ ನೋಡುತ್ತ ಹೇಳಿದಳು: "ನೀನು ಅಲ್ಲಿ ಇರ್ಲಿಲ್ಲವಲ್ಲ."

ಮುಖ್ಯೋಪಾಧ್ಯಾಯಿನಿ ಈ ಸಾಲಿನ ಅರ್ಧ ವರ್ಷ ಆಗಲೇ ಕಳೆದಿದೆ, ಪರೀಕ್ಷೆ ಬರೆಸಿ ನೋಡುತ್ತೇವೆ ಎಂದಳು. ದೊಡ್ಡವಳು ಬರೆದು ಪಾಸಾದಳು. ಸೋಮವಾರದಿಂದಲೇ ಹೊರಟಳು, ಹಳೇ ಬೂಟು ಬಿಗಿಯಾಗಿ ಹೆಬ್ಬೆರಳು ಒತ್ತುತ್ತಿದ್ದರೂ ಹೇಳಲಿಲ್ಲ.

ಅತ್ತಿಗೆ ಬಂದದ್ದು ಆ ವಾರದ ಕೊನೆಗೆ. ಬಾಗಿಲಲ್ಲೇ ನಿಂತು, "ನೀನು ಬರದೇ ಇದ್ರೆ ಮುಖವಾಡದ ಕೆಲಸ ಹ್ಯಾಗೆ ನಡೀಬೇಕು? ರಟ್ಟು, ಬಣ್ಣ ಎಲ್ಲ ತಂದಿಟ್ಟಿದೀನಿ. ನಿನ್ನ ಮಗಳೇ ಬರೆದಿರುವಾಗ ನನ್ನ ಮೇಲೆ ಹಗೆ ಸಾಧಿಸಿದ್ರೆ ಏನು ಬಂತು?" ಎಂದಳು.

"ಬರೆದದ್ದು ಮಕ್ಕಳು ಅತ್ತಿಗೆ. ಅದಕ್ಕೆ ನನ್ನ ಮನೇದು ನಾನು ನೋಡ್ಕೊಂಡೆ. ಕುಂಡ ಒಡೆದು ಚೂರು ಕೈಗೆ ಕೊಟ್ಟದ್ದು ನೀವು. ಕೊಡಲ್ಲ ಅಂತ ಮಾತು ಕೊಟ್ಟಮೇಲೆ ಕೊಟ್ಟದ್ದು. ಅದನ್ನ ನೀವು ನೋಡ್ಕೊಳ್ಳಿ."

"ತಪ್ಪಾಯ್ತು ಅನ್ನಿಸ್ಬೇಕಾ ನನ್ನ ಬಾಯಿಂದ?"

"ನನಗೆ ಹೇಳೋದೇನೂ ಬೇಡ. ಹೇಳೋದಿದ್ರೆ ಗುಬ್ಬಿ ಒಳಗಿದಾಳೆ."

ಅತ್ತಿಗೆ ಒಳಗಿನ ಕಡೆ ಒಮ್ಮೆ ನೋಡಿದಳು. ಎಂಟು ವರ್ಷದ ಮಗುವಿನ ಮುಂದೆ ತಲೆ ತಗ್ಗಿಸುವುದೆಂದರೆ ಅವಳಿಗೆ ಪ್ರಾಣ ಹೋದಂತೆ. ಸೆರಗು ಎಳೆದುಕೊಂಡು ಬಂದ ದಾರಿಯಲ್ಲೇ ಹೋದಳು. ಕನ್ನಡಕದವಳು ಬಾಗಿಲು ದಢಾರನೆ ಹಾಕಿಕೊಂಡಳು. ಅಣ್ಣ ಎರಡು ಸಲ ಫೋನ್ ಮಾಡಿ, ಎರಡು ಸಲವೂ ಹವೆಯ ವಿಷಯ ಮಾತಾಡಿ ಇಟ್ಟ.

ಬಂದವನು ದರ್ಜಿ. ಅವಳಿಗಳ ಕತ್ತಿನ ಹಿಂದೆ ಒಂದೊಂದು ಕೈ ಇಟ್ಟು ನೂಕಿಕೊಂಡು ಬಂದು, "ಇವೂ ಬರೆದಿವೆಯಂತೆ ಅಕ್ಕ. ಇಲ್ಲೇ ಪಾಠ ಹೇಳೋದಾದ್ರೆ ಬಿಟ್ಟು ಹೋಗ್ತೀನಿ, ಬೇಡ ಅಂದ್ರೆ ಕರ್ಕೊಂಡು ಹೋಗ್ತೀನಿ," ಎಂದ.

"ಗುಬ್ಬೀನ ಕೇಳಿ," ಎಂದಳು ಕನ್ನಡಕದವಳು. ಈಚೆಗೆ ಅವಳು ಕಲಿತ ಪಾಠ ಅದೊಂದೇ.

ಗುಬ್ಬಿ ಸೊಂಟದ ಮೇಲೆ ಕೈಯಿಟ್ಟುಕೊಂಡು ಇಬ್ಬರನ್ನೂ ಅಳೆದಳು. "ನಾ... ನಾನು ಮಾತಾಡಿದ್ರೆ..." ಅಲ್ಲಿಗೇ ಮಾತು ಸಿಕ್ಕಿಕೊಂಡಿತು.

"ಅವಳು ಮುಗಿಸೋ ತನಕ ಯಾರೂ ಅಲ್ಲಾಡ್ಬೇಡಿ," ಎಂದು ತಾಯಿ ಗದರಿದಳು.

"ಅಮ್ಮ, ನೀ ಸು... ಸುಮ್ನಿರು." ಗುಬ್ಬಿ ಮತ್ತೆ ಮೊದಲಿನಿಂದ ಶುರು ಮಾಡಿದಳು. "ನಾನು ಮಾತಾಡಿದ್ರೆ ಹೊ... ಹೊತ್ತಾಗುತ್ತೆ. ಆಗುತ್ತೆ. ಬೇ... ಬೇಜಾರಾದ್ರೆ ನೀವೇ ಹೊ... ಹೊರಗೆ ಹೋಗಿ ಸುತ್ತಿ ಬನ್ನಿ."

"ಇಲ್ಲ, ಕೂತಿರ್ತೀವಿ," ಎಂದ ಅವಳಿಗಳಲ್ಲಿ ಒಬ್ಬ. ಇನ್ನೊಬ್ಬ ಮೂಗು ಒರೆಸಿಕೊಂಡ.

ಉಳಿದ ಎರಡು ವಾರ ಗ್ರೀಕರು ಕನ್ನಡಕದವಳ ಅಡುಗೆಮನೆಯಲ್ಲೇ ಇದ್ದರು. ಮುಖವಾಡದ ಹಿಂದೆ ಗುಬ್ಬಿಯ ಮಾತು ಸಲೀಸಾಗಲಿಲ್ಲ, ಬದಲಿಗೆ ಮುಖ ಬೆವರಿತು. ಅವಳು ಅದನ್ನು ಕಿತ್ತೆಸೆದು ಬರೀ ಮುಖದಲ್ಲೇ, ತನ್ನ ವೇಗದಲ್ಲೇ ರಾಣಿಯ ಪಾತ್ರ ಮಾಡಿದಳು. ನಾಟಕ ಮುಗಿಯುವ ಹೊತ್ತಿಗೆ ಒಲೆಯ ಮೇಲಿನ ಹಾಲು ಉಕ್ಕಿ ಹರಿದಿತ್ತು.

ದೊಡ್ಡವಳು ಮಾತ್ರ ದಿನಾ ಶಾಲೆಯಿಂದ ಬಂದು ತಂಗಿಯ ಪಕ್ಕ ಕೂತು, ಏನಾದರೊಂದು ಕೇಳುತ್ತಿದ್ದಳು. ಗುಬ್ಬಿ ಹೂಂ ಎಂದಷ್ಟೇ ಹೇಳಿ ಆಚೆ ಮುಖ ಮಾಡುತ್ತಿದ್ದಳು. ಒಂದು ಸಂಜೆ ತಾಯಿಗೆ ತಡೆಯಲಾಗದೆ, "ಸಾಕಲ್ಲೇ, ಅಕ್ಕನ ಜೊತೆ ಮಾತಾಡು," ಎಂದಳು.

"ಇ... ಇನ್ನೂ ಸಿಟ್ಟಿದೆ," ಎಂದಳು ಗುಬ್ಬಿ.

ದೊಡ್ಡವಳು ಚೀಲದಿಂದ ಪುಸ್ತಕ ತೆಗೆದು, "ಇರ್ಲಿ ಬಿಡಮ್ಮ," ಎಂದು ಅಲ್ಲೇ ತಂಗಿಯ ಪಕ್ಕದಲ್ಲೇ ಕೂತು ಓದತೊಡಗಿದಳು.