ಅಂಚಿನಲ್ಲಿ ಬರೆದ ಅಂಕಿ

ಕೋಲ್ಡ್ ಸ್ಟೋರೇಜಿನ ಮೇಲಂತಸ್ತಿನ ಆರೋಗ್ಯ ಕೊಠಡಿಗೆ ಕಬ್ಬಿಣದ ಮೆಟ್ಟಿಲು. ಯಾರು ಹತ್ತಿ ಬರುತ್ತಿದ್ದಾರೆಂದು ನರ್ಸಮ್ಮನಿಗೆ ಸದ್ದಿನಲ್ಲೇ ತಿಳಿಯುತ್ತಿತ್ತು. ಹಮಾಲರಲ್ಲೊಬ್ಬನನ್ನು ಎಲ್ಲರೂ ಆನೆ ಎಂದೇ ಕರೆಯುತ್ತಿದ್ದರು. ಅವನು ಹತ್ತಿದರೆ ಕಪಾಟಿನ ಔಷಧಿ ಶೀಶೆಗಳು ಕಿಣಿಕಿಣಿ ಎನ್ನುತ್ತಿದ್ದವು. "ಬಂತಪ್ಪ ಸವಾರಿ" ಎನ್ನುತ್ತಾ ನರ್ಸಮ್ಮ ಶೀಶೆಗಳಿಗೆ ಕೈ ಅಡ್ಡ ಹಿಡಿಯುತ್ತಿದ್ದರು.

ಆ ಮಧ್ಯಾಹ್ನ ಶೀಶೆಗಳು ಅಲ್ಲಾಡಲಿಲ್ಲ. ರಿಜಿಸ್ಟರಿನಿಂದ ತಲೆ ಎತ್ತಿದರೆ ಎದುರಿಗೆ ಯಾರೋ ನಿಂತಿದ್ದರು. ಮೈಮೇಲೆ ನೀಲಿ ಕೋಟು, ಎಡತೋಳಿನಲ್ಲಿ ಕಪ್ಪು ತೇಪೆ. ನರ್ಸಮ್ಮನ ಎದೆ ಧಸಕ್ಕೆಂದಿತು. ಆ ಕೋಟಿನ ಯಜಮಾನ ಹೋದ ವರ್ಷ ಕೆಳಗಿನ ಮೂರನೇ ಕೋಣೆಯಲ್ಲಿ ಪೆಟ್ಟಿಗೆ ಎತ್ತುತ್ತಲೇ ಕುಸಿದು ಸತ್ತಿದ್ದ. ಅಂದಿನಿಂದ ಕೋಟು ಆ ಕೋಣೆಯ ಬಾಗಿಲ ಪಕ್ಕದ ಮೊಳೆಯಲ್ಲಿ ನೇತಾಡುತ್ತಿತ್ತು. ಯಾರೂ ಅದನ್ನು ಮುಟ್ಟುತ್ತಿರಲಿಲ್ಲ.

"ನಾನೇ ಅಕ್ಕ, ಹೆದರಬೇಡಿ" ಎಂದ ಆನೆ. "ನನ್ನ ಕೋಟು ದೊಗಳೆ ಆಯ್ತು, ಒಳಗೆಲ್ಲ ಚಳಿ ನುಗ್ಗುತ್ತೆ. ಇದು ನೋಡಿ, ನನಗೇ ಹೊಲಿಸಿದ ಹಾಗಿದೆ."

"ಕಳ್ಳಬೆಕ್ಕಿನ ಹಾಗೆ ಬಂದೆಯಲ್ಲೋ! ಮೆಟ್ಟಿಲು ಸದ್ದೇ ಮಾಡಲಿಲ್ಲ."

"ಮನೇಲಿ ಹೆಂಡತೀನೂ ಅದನ್ನೇ ಅಂತಾಳೆ. ಮೊನ್ನೆ ಹಿಂದೆ ಹೋಗಿ ನಿಂತೆ, ಕಿರುಚಿಬಿಟ್ಟಳು." ಅವನು ನಗಲು ನೋಡಿದ, ಆಗಲಿಲ್ಲ. "ತೂಕ ನೋಡಿ ಅಕ್ಕ. ಇವತ್ತು ಕೊನೇ ದಿನ."

ಆ ಸಾವಿನ ನಂತರ ಮ್ಯಾನೇಜರು ಗೋಡೆಗೆ ಒಂದು ಪಟ್ಟಿ ಅಂಟಿಸಿದ್ದರು. ಎತ್ತರಕ್ಕೆ ತಕ್ಕ ತೂಕವೇ ಎಂದು ಲೆಕ್ಕ ಹಾಕುವ ಬಿಎಂಐ ಅಂಕಿ ಇಪ್ಪತ್ತೈದರ ಕೆಳಗಿದ್ದರೆ ಹಸಿರು ಮುದ್ರೆ, ಮೇಲಿದ್ದರೆ ಕೆಂಪು. ಕೆಂಪಾದವರು ಮೂರು ತಿಂಗಳಲ್ಲಿ ಇಳಿಯಬೇಕು, ಇಲ್ಲವೇ ಕೆಲಸ ಬಿಡಬೇಕು. ಆನೆಗೆ ಇಪ್ಪತ್ತೆಂಟು ಬಂದಿತ್ತು. ಕೆಂಪು ಒತ್ತಿದ್ದು ನರ್ಸಮ್ಮನ ಕೈಯೇ.

ಮುಳ್ಳು ಎಪ್ಪತ್ತೆರಡಕ್ಕೆ ನಿಂತಿತು. ಹತ್ತು ಕಿಲೋ ಮಾಯವಾಗಿತ್ತು, ಬಿಎಂಐ ಇಪ್ಪತ್ತೈದರ ಕೆಳಗಿಳಿದಿತ್ತು.

"ಏನು ತಿಂತಿದ್ದೀಯೋ?"

"ಬೆಳಗ್ಗೆ ಒಂದು ಹೊತ್ತು. ಆಮೇಲೆ ನೀರು. ಪಾಸಾದೆ ತಾನೆ?"

ನರ್ಸಮ್ಮ ಹಸಿರು ಮುದ್ರೆ ಎತ್ತಿಕೊಂಡವರು ಹಾಗೇ ಕೆಳಗಿಟ್ಟರು. ಡ್ರಾಯರಿನಲ್ಲಿ ಕೊಬ್ಬು ಅಳೆಯುವ ಪುಟ್ಟ ಯಂತ್ರವಿತ್ತು. ಎರಡೂ ಕೈಯಲ್ಲಿ ಹಿಡಿದರೆ ಮೈಯಲ್ಲಿ ಶೇಕಡಾ ಎಷ್ಟು ಕೊಬ್ಬೆಂದು ಅಂದಾಜು ಹೇಳುತ್ತಿತ್ತು. ಪ್ರತಿ ತಪಾಸಣೆಯಲ್ಲೂ ಎಲ್ಲರ ಕೈಗೆ ಕೊಡುತ್ತಿದ್ದರು. ನಮೂನೆಯಲ್ಲಿ ಅದಕ್ಕೆ ಕಾಲಂ ಇರಲಿಲ್ಲ. ಹಾಗಾಗಿ ಅಂಚಿನಲ್ಲಿ ಪೆನ್ಸಿಲಿನಿಂದ ಬರೆದು ಮರೆತುಬಿಡುತ್ತಿದ್ದರು.

ಈಗ ಯಂತ್ರ ಹತ್ತೊಂಬತ್ತು ತೋರಿಸಿತು. ಮೂರು ತಿಂಗಳ ಹಿಂದಿನ ಅಂಚಿನಲ್ಲಿ ಹದಿನೇಳು ಎಂದಿತ್ತು. ನರ್ಸಮ್ಮ ಎರಡು ಸಲ ಲೆಕ್ಕ ಹಾಕಿದರು. ಆಗಲೂ ಕೊಬ್ಬು ಹದಿನಾಲ್ಕು ಕಿಲೋ ಹತ್ತಿರ, ಈಗಲೂ ಹೆಚ್ಚುಕಡಿಮೆ ಅಷ್ಟೇ. ಹಾಗಾದರೆ ಹೋದದ್ದು ಅವನ ತೋಳು, ತೊಡೆ, ಬೆನ್ನಿನ ಮಾಂಸಖಂಡ. ಬದುಕಿರುವಾಗಲೇ ಒಬ್ಬನನ್ನು ಒಳಗಿಂದ ಖಾಲಿ ಮಾಡಿಸಿದೆನಲ್ಲ ಎಂದು ಅವರಿಗೆ ನಾಚಿಕೆಯಾಯಿತು.

ಕಣ್ಣು ಮತ್ತೆ ಕೋಟಿನ ಮೇಲೆ ಹೋಯಿತು. ಹಳೆಯ ರಿಜಿಸ್ಟರು ತೆಗೆದು ಸತ್ತವನ ಪುಟ ಹುಡುಕಿದರು. ಓದಿದವರೇ ರಿಜಿಸ್ಟರನ್ನು ಕಂಕುಳಲ್ಲಿ ಇರುಕಿಕೊಂಡು ಎದ್ದರು. ಆನೆಯನ್ನು ಜೊತೆಗೆ ಕರೆದುಕೊಂಡು ನೇರ ಮ್ಯಾನೇಜರ ಕೋಣೆಗೆ ನಡೆದರು.

"ಅವನ ಹೆಂಡತಿಗೆ ಸುದ್ದಿ ಮುಟ್ಟಿಸಿದವನು ನಾನು ಸಿಸ್ಟರ್" ಎಂದರು ಮ್ಯಾನೇಜರು. "ಇನ್ನೊಬ್ಬಳಿಗೆ ಮುಟ್ಟಿಸೋ ಶಕ್ತಿ ನನಗಿಲ್ಲ. ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ ಪಟ್ಟಿ ಹಾಕಿದೆ. ತಪ್ಪಾ?"

"ತಪ್ಪಲ್ಲ ಸರ್. ತೂಕಾನೂ ನೋಡಬೇಕು. ಆದರೆ ಸತ್ತವನನ್ನೇ ನಿಮ್ಮ ಪಟ್ಟೀಲಿ ಇಟ್ಟು ನೋಡಿ."

ಮ್ಯಾನೇಜರು ಬೆರಳಿಟ್ಟು ಓದಿದರು. "ಇಪ್ಪತ್ತೆರಡು... ಹಸಿರು." "ಅಂಚಿನಲ್ಲಿ ಇದೇನು, ಮೂವತ್ನಾಲ್ಕು?"

"ಕೊಬ್ಬು. ಆ ಸಣಕಲು ಮೈಯಲ್ಲಿ ಮೂರರಲ್ಲೊಂದು ಪಾಲು. ಅದರಿಂದಲೇ ಸತ್ತ ಅಂತ ನಾನು ಹೇಳಲಾರೆ. ಆದರೆ ಡಾಕ್ಟರ ಹತ್ತಿರ ಕಳಿಸಬೇಕಿತ್ತು. ತೆಳ್ಳಗಿದ್ದಾನಲ್ಲ ಅಂತ ಸುಮ್ಮನಿದ್ದೆ. ಇವನಿಗೆ ಹದಿನೇಳೇ ಇತ್ತು, ದಪ್ಪಗಿದ್ದಾನಲ್ಲ ಅಂತ ಕೆಂಪು ಒತ್ತಿದೆ." ನರ್ಸಮ್ಮನ ಕಣ್ಣು ತುಂಬಿತು.

ಮ್ಯಾನೇಜರು ಬಾಗಿಲಲ್ಲಿ ನಿಂತಿದ್ದ ಆನೆಯ ಮೈಮೇಲಿನ ನೀಲಿ ಕೋಟನ್ನು ನೋಡಿದರು. "ಮೊದಲು ಅದನ್ನ ತೆಗಿಯಪ್ಪ" ಎಂದರು ಮೆಲ್ಲಗೆ. "ಗಡುವು ಬೇಡ. ಹೊಟ್ಟೆ ತುಂಬ ಊಟ ಮಾಡು. ಸಿಸ್ಟರ್, ಡಾಕ್ಟರನ್ನ ಕರೆಸಿ, ಎಲ್ಲರನ್ನೂ ನೋಡಲಿ."

ಸಂಜೆ ನರ್ಸಮ್ಮ ಸ್ಕೇಲು ಹಿಡಿದು ರಿಜಿಸ್ಟರಿನ ಪ್ರತಿ ಪುಟಕ್ಕೂ ಹೊಸ ಕಾಲಂನ ಗೆರೆ ಎಳೆದರು. ಅಂಚಿನ ಪೆನ್ಸಿಲ್ ಅಂಕಿಗಳನ್ನೆಲ್ಲ ಶಾಯಿಯಲ್ಲಿ ಬರೆದರು. ಮೊದಲು ಬರೆದದ್ದು ಸತ್ತವನದು.

ಕೆಲವು ತಿಂಗಳ ನಂತರ ಒಂದು ಬೆಳಗ್ಗೆ ಅವರು ಬರೆಯುತ್ತಾ ಕೂತಿದ್ದಾಗ ಕಪಾಟಿನಲ್ಲಿ ಸಣ್ಣಗೆ ಕಿಣಿಕಿಣಿ ಶುರುವಾಯಿತು. ಮೆಟ್ಟಿಲು ಮೆಟ್ಟಿಲಿಗೂ ಸದ್ದು ಜೋರಾಯಿತು. ನರ್ಸಮ್ಮ ಶೀಶೆಗಳಿಗೆ ಕೈ ಅಡ್ಡ ಹಿಡಿಯಲಿಲ್ಲ. ಪೆನ್ನು ಕೆಳಗಿಟ್ಟು ಕೇಳುತ್ತಾ ಕೂತರು.