ಶನಿವಾರದ ಕಾರ್ಡುಗಳು

"ಸ್ವಲ್ಪ ಮುಂದೆ ಹೋಗಿ ಮಾರಾಯ್ರೆ, ಜಾಗ ಉಂಟಲ್ಲ," ಎಂದು ಮುಂದಿದ್ದವನ ಬೆನ್ನಿಗೆ ಹೇಳಿದ ಲೀಲಾಧರ, ಹೇಳಿದ ಮೇಲೆ ತನ್ನ ಅವಸರಕ್ಕೆ ತಾನೇ ನಾಚಿದ. ಮುಂಬೈ ಪಕ್ಕದ ಡೊಂಬಿವಲಿಯ ಶಾಲೆಯೊಂದರ ಸಭಾಗೃಹದಲ್ಲಿ ಕನ್ನಡ ಸಂಘದ ಹಬ್ಬ. ವೇದಿಕೆಯ ಮೇಲೆ ಹೆಂಗಸರ ಕೋಲಾಟ ಆಗಷ್ಟೇ ಮುಗಿದಿತ್ತು. ಕೆಳಗೆ, ಗೋಳಿಬಜೆಯ ಸ್ಟಾಲಿನ ಪಕ್ಕದ ಮೇಜಿನ ಹಿಂದೆ, ವ್ಯಂಗ್ಯಚಿತ್ರಕಾರ ಶ್ರೀಕಂಠಯ್ಯ ಕೂತಿದ್ದರು. ಮೈಸೂರಿನಿಂದ ಬಂದಿದ್ದ ಎಂಬತ್ತರ ಆ ಹಿರಿಯರು ಸಾಲಿನಲ್ಲಿ ಬಂದವರಿಗೆಲ್ಲ ನಗುನಗುತ್ತ ಸಹಿ ಹಾಕಿಕೊಡುತ್ತಿದ್ದರು.

"ಅಜ್ಜ, ಔರ್ ಕಿತನಾ ಟೈಮ್ ಲಗೇಗಾ?" ಇನ್ನೆಷ್ಟು ಹೊತ್ತೆಂದು ಮೊಮ್ಮಗಳು ಪ್ರಣೀತಾ ಹಿಂದಿಯಲ್ಲಿ ಕೇಳಿದಳು. ಹತ್ತನೆಯ ತರಗತಿಯ ಹುಡುಗಿ. ಕನ್ನಡ ಅರ್ಥವಾಗುತ್ತಿತ್ತು, ಬಾಯಿಗೆ ಬರುತ್ತಿರಲಿಲ್ಲ.

"ಈಗ ಆಗ್ತದೆ. ನನ್ನ ಹೆಸರು ಹೇಳಿದ್ರೆ ಸಾಕು, ನೀನು ನೋಡು ಬೇಕಾದ್ರೆ."

ಲೀಲಾಧರ ಎಂಐಡಿಸಿ ಕೈಗಾರಿಕಾ ಪ್ರದೇಶದ ಬಣ್ಣದ ಕಾರ್ಖಾನೆಯೊಂದರ ಕ್ಯಾಂಟೀನಿನಲ್ಲಿ ಮೂವತ್ತೊಂದು ವರ್ಷ ಚಹಾ ಕಾಸಿದವನು. ಅವನದು ರಾತ್ರಿಶಾಲೆಯಲ್ಲಿ ಕಲಿತ ಕನ್ನಡ. ಬೆಂಗಳೂರಿನ ಪತ್ರಿಕೆ ಒಂದು ದಿನ ತಡವಾಗಿ ಕೈಸೇರುತ್ತಿತ್ತು. ಬಿಡಿಸಿದೊಡನೆ ಅವನ ಕಣ್ಣು ಹೋಗುತ್ತಿದ್ದುದು ಮೂಲೆಯ ಸಣ್ಣ ಚೌಕಕ್ಕೆ. ಅಲ್ಲಿ ಶ್ರೀಕಂಠಯ್ಯನವರ ಶಾಮಣ್ಣ, ಎಂಥ ಸಾಲಿನಲ್ಲೂ ಕೊನೆಗೇ ನಿಲ್ಲುವ ಬಡಪಾಯಿ, ದಿನಕ್ಕೊಂದು ಮಾತಾಡುತ್ತಿದ್ದ. ಲೀಲಾಧರನ ತಲೆಯಲ್ಲೂ ಅಂಥ ಮಾತುಗಳು ಹುಟ್ಟುತ್ತಿದ್ದವು. ಪ್ರತಿ ಶನಿವಾರ ಅಂಥದೊಂದನ್ನು ಶ್ರೀಕಂಠಯ್ಯನವರ ಹೆಸರಿಗೆ ಕಾರ್ಡಿನಲ್ಲಿ ಬರೆದು ಪತ್ರಿಕೆಯ ವಿಳಾಸಕ್ಕೆ ಹಾಕುತ್ತಿದ್ದ. ಉತ್ತರ ಯಾವತ್ತೂ ಬರಲಿಲ್ಲ. ಆದರೆ ಒಮ್ಮೆ ಹೀಗಾಯಿತು. ಲೋಕಲ್ ರೈಲಿನಲ್ಲಿ ಶಾಮಣ್ಣನಿಗೆ ಕೊನೆಗೂ ಸೀಟು ಸಿಕ್ಕಿತು, ಆದರೆ ರೈಲು ಓಡಾಟ ಮುಗಿಸಿ ಕಾರ್‌ಶೆಡ್ಡಿಗೆ ಹೊರಟಿತ್ತು ಎಂದು ಅವನು ಬರೆದು ಹಾಕಿದ ಎರಡು ತಿಂಗಳಿಗೆ, ಖಾಲಿ ಬಸ್ಸಿನಲ್ಲಿ ಶಾಮಣ್ಣ ಕಾಲು ಚಾಚಿ ಕೂತ ಚಿತ್ರ ಬಂತು. ಬಸ್ಸಿನ ಹಣೆಯ ಮೇಲೆ 'ಡಿಪೋ' ಎಂದಿತ್ತು.

"ಬೆಂಗಳೂರಿನವರಿಗೆ ಲೋಕಲ್ ಗೊತ್ತಾಗುದಿಲ್ಲ ಅಂತ ಬಸ್ಸು ಮಾಡಿದ್ದಾರೆ," ಎಂದು ಹೆಂಡತಿ ಸರಳಾಳಿಗೆ ವಿವರಿಸಿದ. ಅವಳು ಅದನ್ನು ಕತ್ತರಿಸಿ ಚೌಕಟ್ಟು ಹಾಕಿಸಿದಳು. ಮನೆಗೆ ಬಂದವರಿಗೆ ನೀರು ಕೊಡುವ ಮೊದಲು ಅದನ್ನು ತೋರಿಸುತ್ತಿದ್ದಳು, ಸಾಯುವವರೆಗೂ ತೋರಿಸಿದಳು. ಮುಂದಿನ ವರ್ಷಗಳಲ್ಲಿ ಇನ್ನೂ ಹತ್ತು ಚಿತ್ರಗಳಲ್ಲಿ ಲೀಲಾಧರ ತನ್ನ ಮಾತನ್ನು ಗುರುತಿಸಿದ. ಚಹಾ ತಣ್ಣಗಿದೆಯೆಂದು ಸೂಪರ್‌ವೈಸರ್ ಎಲ್ಲರೆದುರು ಲೋಟ ನೆಲಕ್ಕೆ ಅಪ್ಪಳಿಸಿದ ದಿನ ಅವನು ಬಾಯಿ ಮುಚ್ಚಿಕೊಂಡು ಚೂರು ಗುಡಿಸಿದ್ದ. ಒಂದು ರಾಜ್ಯವೇ ನನ್ನ ಮಾತಿಗೆ ನಗುತ್ತದೆ, ಇವನಿಗೇನು ಗೊತ್ತು, ಎಂದುಕೊಂಡಿದ್ದ.

ಸರದಿ ಬಂತು. ಹನ್ನೊಂದು ತುಣುಕುಗಳ ಫೈಲನ್ನು ಲೀಲಾಧರ ಮೇಜಿನ ಮೇಲೆ ಬಿಡಿಸಿಟ್ಟ. ಡಿಪೋದ ಚಿತ್ರವನ್ನು ಚೌಕಟ್ಟಿನಿಂದ ಬಿಚ್ಚಿ ತಂದು ಎಲ್ಲಕ್ಕಿಂತ ಮೇಲೆ ಇಟ್ಟಿದ್ದ.

"ಅಯ್ಯೋ, ಇದನ್ನೆಲ್ಲ ಇನ್ನೂ ಇಟ್ಕೊಂಡಿದೀರಾ!" ಶ್ರೀಕಂಠಯ್ಯ ಕನ್ನಡಕ ಸರಿಮಾಡಿಕೊಂಡು ನೋಡಿ ಜೋರಾಗಿ ನಕ್ಕರು. "ಇದು ನಮ್ಮ ಮಾವನವರ ಕಥೆ ಕಣ್ರೀ. ಸೀಟು ಸಿಕ್ತು ಅಂತ ನಿದ್ದೆ ಹೊಡೆದು, ಸೀದಾ ಡಿಪೋದಲ್ಲೇ ಎದ್ರು. ಮನೇಲಿ ನಾಲ್ಕು ದಿನ ನಕ್ಕಿದ್ದೇ ನಕ್ಕಿದ್ದು."

ಲೀಲಾಧರನೂ ನಕ್ಕ. ನಗು ಮುಗಿದ ಮೇಲೂ ಬಾಯಿ ಹಾಗೆಯೇ ಇತ್ತು.

"ಸರ್, ನಾನು ನಿಮಗೆ ಕಾರ್ಡು ಬರೀತಿದ್ದೆ. ಲೀಲಾಧರ, ಡೊಂಬಿವಲಿ. ಶನಿವಾರ ಶನಿವಾರ."

"ಕಾರ್ಡಾ? ಮೂಟೆಗಟ್ಟಲೆ ಬರ್ತಿತ್ತಂತೆ! ನನ್ನ ಕೈಗೆ ಒಂದೂ ಕೊಡ್ಬೇಡಿ ಅಂತ ಆಫೀಸಿನವರಿಗೆ ಮೊದಲೇ ಹೇಳ್ಬಿಟ್ಟಿದ್ದೆ. ಓದಿದ್ರೆ ತಲೇಲಿ ಕೂತ್ಬಿಡತ್ತೆ. ಆಮೇಲೆ ಇದು ನಂದೋ ಇನ್ನೊಬ್ಬರದೋ ಅಂತ ನಂಗೇ ಗೊತ್ತಾಗಲ್ಲ, ಅಲ್ವಾ? ಅಷ್ಟು ವರ್ಷದಲ್ಲಿ ಒಂದೇ ಒಂದು ಓದ್ಲಿಲ್ಲ ನೋಡಿ." ಅವರ ದನಿಯಲ್ಲಿ ಕುಹಕವಿರಲಿಲ್ಲ, ಪ್ರಾಮಾಣಿಕ ಮನುಷ್ಯನ ಸಣ್ಣ ಹೆಮ್ಮೆಯಿತ್ತು, ಅಷ್ಟೇ. "ಏನು ಬರೀತಿದ್ರಿ?"

ಹಿಂದೆ ಜನ ಕಾಯುತ್ತಿದ್ದರು. ಸಾವಿರ ಕಾರ್ಡುಗಳಲ್ಲಿ ಒಂದೂ ಲೀಲಾಧರನ ನೆನಪಿಗೆ ಬರಲಿಲ್ಲ.

"ಎಂತ ಇಲ್ಲ ಸರ್. ಚಿತ್ರ ಚಂದ ಬರ್ತದೆ ಅಂತ."

ಚಿತ್ರದ ಅಂಚಿನಲ್ಲಿ 'ಪ್ರಿಯ ಓದುಗ ಲೀಲಾಧರ ಅವರಿಗೆ' ಎಂದು ಬರೆದು ಶ್ರೀಕಂಠಯ್ಯ ಸಹಿ ಹಾಕಿದರು. ಲೀಲಾಧರ ಹೊರಟಾಗ ಅವನ ಕೈಯನ್ನು ಎರಡೂ ಕೈಗಳಿಂದ ಹಿಡಿದು ಕುಲುಕಿದರು.

ಹೊರಗೆ ಬಿಸಿಲು ಸುಡುತ್ತಿತ್ತು. ಇಬ್ಬರೂ ಗೇಟು ದಾಟಿದರು.

"ಆಫೀಸಿನಲ್ಲಿ ಯಾರಾದ್ರೂ ಓದಿ ಅವರಿಗೆ ಹೇಳಿರ್ಬಹುದು," ಎಂದ ಲೀಲಾಧರ. "ಅವರಿಗೆ ಮರೆತಿರ್ಬಹುದು. ಅಲ್ವಾ?"

"ಹೋ ಸಕತಾ ಹೈ, ಅಜ್ಜ." ಇರಬಹುದು ಎಂಬ ಅವಳ ಉತ್ತರ ಅವನು ಮುಗಿಸುವ ಮೊದಲೇ ಬಂದಿತ್ತು.

ಅಷ್ಟರಲ್ಲಿ ಅವಳ ಫೋನು ರಿಂಗಾಯಿತು. ತಾಯಿ. "ಹಾಂ ಮಮ್ಮೀ, ಮಿಲೇ. ನಾಮ್ ಸುನತೇ ಹೀ ಪೆಹಚಾನ್ ಗಯೇ," ಎಂದಳು ಪ್ರಣೀತಾ. ಹೆಸರು ಕೇಳಿದೊಡನೆ ಗುರುತು ಹಿಡಿದರು ಎಂದು ಅವಳು ಹೇಳುವುದನ್ನು ಲೀಲಾಧರ ಪಕ್ಕದಲ್ಲೇ ನಿಂತು ಕೇಳಿದ. ಹೇಳುವಾಗ ಅವಳು ಅವನ ಕಡೆ ತಿರುಗಲಿಲ್ಲ.

ಮಾನಪಾಡಾ ರಸ್ತೆಯಲ್ಲಿ ರಿಕ್ಷಾಗಳು ಒಂದರ ಹಿಂದೊಂದು ನುಗ್ಗುತ್ತಿದ್ದವು. ಆ ರಸ್ತೆ ದಾಟುವಾಗಲೆಲ್ಲ ಮೊದಲು ಹೆಜ್ಜೆಯಿಟ್ಟು, ಕೈಯೆತ್ತಿ ಗಾಡಿ ನಿಲ್ಲಿಸಿ ಮೊಮ್ಮಗಳಿಗೆ ದಾರಿ ಮಾಡುತ್ತಿದ್ದವನು ಲೀಲಾಧರನೇ. ಇವತ್ತು ಪ್ರಣೀತಾ ಫೋನು ಚೀಲಕ್ಕೆ ಹಾಕಿ ಅವನ ಮೊಣಕೈ ಹಿಡಿದುಕೊಂಡಳು, ಎರಡೂ ಕಡೆ ನೋಡಿ, "ಆರಾಮ್ ಸೇ, ಅಜ್ಜ," ಎಂದಳು. ಅವನು ಕೈ ಬಿಡಿಸಿಕೊಳ್ಳಲಿಲ್ಲ. ಕಣ್ಣು ನೆಲಕ್ಕೆ ನೆಟ್ಟು, ಅವಳ ಹೆಜ್ಜೆ ಹೋದ ಕಡೆ ಹೆಜ್ಜೆಯಿಡುತ್ತ, ರಸ್ತೆಯ ನಡುವಿಗೆ ಬಂದ.